ಮಹಾಪೂರನ ತಮ್ಮ

ಬೇರೆಯವರ ಕಥೆಯಲ್ಲಿ ತೂತು ಹುಡುಕುವುದು ನನ್ನ ಕಸುಬು. ಇಪ್ಪತ್ತಾರು ವರ್ಷಗಳಿಂದ ಸಿನಿಮಾ ಸ್ಟುಡಿಯೋಗಳ ಊರಾದ ಬರ್ಬ್ಯಾಂಕಿನಲ್ಲಿ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಚಿತ್ರೀಕರಣಕ್ಕೆ ಆರು ವಾರ ಉಳಿದಿರುವಾಗ, ಬೀಗ ಹಾಕಿದ ಕೋಣೆಯಿಂದ ನಾಯಕ ಹೊರಗೆ ಬಂದದ್ದು ಹೇಗೆ ಎಂದು ಯಾರೂ ಬರೆದೇ ಇಲ್ಲವೆಂಬುದು ಯಾರಿಗೋ ಹೊಳೆಯುತ್ತದೆ. ಆಗ ವಿನ್ನಿ ಟಾಲ್ಬಟ್‌ಗೆ, ಅಂದರೆ ನನಗೆ, ಫೋನು ಬರುತ್ತದೆ. ಹೋಗಿ ತೇಪೆ ಹಾಕಿ ಬರುತ್ತೇನೆ. ತೇಪೆ ಹಾಕಿದವಳ ಹೆಸರು ಪರದೆಯ ಮೇಲೆ ಬರುವುದಿಲ್ಲ. ಹನ್ನೊಂದು ವರ್ಷಗಳಿಂದ ನನ್ನ ಹೆಸರು ಯಾವ ಪರದೆಯ ಮೇಲೂ ಬಂದಿರಲಿಲ್ಲ. ನಾನು ಯಾವುದೋ ಆಫೀಸಿನಲ್ಲಿ ಟೈಪು ಮಾಡುವವಳು ಎಂದು ನನ್ನ ತಂಗಿಯ ಮಕ್ಕಳು ತಿಳಿದುಕೊಂಡಿದ್ದರು.

ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ನೆಪ ಹೂಡುವುದಕ್ಕೆ ಎಂದು ನಿಮಗನ್ನಿಸಿದರೆ, ಹೌದು, ಅದಕ್ಕೇ. ಖಳನಾಯಕ ಮಾಡಿದ ಕೆಲಸಕ್ಕೆ ಒಪ್ಪುವಂಥ ಕಾರಣ ಒದಗಿಸಿ ಒದಗಿಸಿ ಅಭ್ಯಾಸವಾಗಿಬಿಟ್ಟಿದೆ. ನನಗೂ ಒಂದು ಇರಲಿ ಎಂದು ಇಟ್ಟುಕೊಂಡೆ.

ಓಝಿ ಬೆಟೆನ್‌ಕೋರ್ಟ್ ಮತ್ತು ನಾನು ಆರು ವರ್ಷ ಜೊತೆಯಲ್ಲಿ ಬರೆದವರು. ಆಮೇಲೆ ಅವನು ಟೀವಿಗೆ ಹೋದ, ನಾನು ತೇಪೆಗೆ ಬಿದ್ದೆ. ಜಗಳವೇನೂ ಆಗಲಿಲ್ಲ. ಪ್ರತಿ ತಿಂಗಳ ಮೊದಲ ಬುಧವಾರ ಬೆಳಗ್ಗೆ ಮ್ಯಾಗ್ನೋಲಿಯಾ ರಸ್ತೆಯ ಅದೇ ಹೋಟೆಲಿನಲ್ಲಿ, ಕಿಟಕಿ ಪಕ್ಕದ ಅದೇ ಮೇಜಿನಲ್ಲಿ ತಿಂಡಿ. ಇಪ್ಪತ್ತು ವರ್ಷದಲ್ಲಿ ಹತ್ತು ಸಲ ತಪ್ಪಿದ್ದರೆ ಹೆಚ್ಚು. ಓಝಿ ಬರುವಾಗ ತನ್ನ ಹಿತ್ತಲ ಮರದ ಒಂದು ಕಿತ್ತಳೆ ತರುತ್ತಾನೆ. ಜೇಬಿನಿಂದ ಒಂದು ಮಡಿಸುವ ಚಾಕು ತೆಗೆದು, ಸಿಪ್ಪೆ ಎಲ್ಲೂ ತುಂಡಾಗದಂತೆ ಸುತ್ತ ಬಿಡಿಸಿ, ಅರ್ಧ ನನ್ನ ತಟ್ಟೆಗೆ ಹಾಕುತ್ತಾನೆ. ಮೂಳೆಯ ಹಿಡಿಯ ಹಳೆಯ ಚಾಕು. ಸಾಣೆ ಹಿಡಿದು ಹಿಡಿದು ಅಲಗು ಸವೆದುಹೋಗಿದೆ.

"ಹೋಟ್ಲಿಗೆ ಚಾಕು ಹಿಡ್ಕೊಂಡು ಬರೋನು ಈ ಊರಲ್ಲೇ ನೀನೊಬ್ನೇ ಕಣೋ," ಎಂದು ಎಷ್ಟು ಸಲ ರೇಗಿಸಿದ್ದೇನೋ.

"ಇವ್ರ ಚಾಕೂಲಿ ಬೆಣ್ಣೆ ಕುಯ್ಯಕ್ಕಾಗಲ್ಲ. ಇದು ನಂಗೆ ಹತ್ತು ತುಂಬಿದಾಗ ಅಪ್ಪ ಕೊಟ್ಟಿದ್ದು. ಆ ಕಾಲದ ಉಕ್ಕು."

"ಸುಮ್ನಿರು ಚಿನ್ನಾ," ಎನ್ನುತ್ತಿದ್ದಳು ಕಾಫಿ ಸುರಿಯಲು ಬಂದ ಲೂಪೆ. ನಮ್ಮಿಬ್ಬರ ಕೂದಲೂ ಕಪ್ಪಗಿದ್ದಾಗಿನಿಂದ ಅವಳು ಅಲ್ಲಿದ್ದಾಳೆ. "ಒಂದಿನ ಮರ್ತು ಬಂದಿದ್ದ. ತಟ್ಟೆ ಮುಂದಿಟ್ಟಿದೀನಿ, ಎದ್ದು ಮನೆಗೆ ಹೋಗಿ ತಗೊಂಡೇ ಬಂದ. ಮೊಟ್ಟೆ ತಣ್ಣಗಾಯ್ತು, ನಾನೇ ಮತ್ತೆ ಮಾಡ್ಸಿದೆ. ಹೆಂಡ್ತೀನ ಮರ್ತು ಬಂದಿದ್ರೆ ಹೋಗ್ತಿದ್ನೋ ಇಲ್ವೋ!"

ಮೂವರೂ ನಗುತ್ತಿದ್ದೆವು.

ಬರಹಗಾರರ ಮುಷ್ಕರ ನಡೆದ ವರ್ಷ ದಿನಕ್ಕೆ ನಾಲ್ಕು ತಾಸು ಸ್ಟುಡಿಯೋ ಗೇಟಿನ ಮುಂದೆ ಹಲಗೆ ಹಿಡಿದು ಅತ್ತಿಂದಿತ್ತ ನಡೆಯುವುದೇ ಕೆಲಸ. ಕಾಲು ನಡೆಯುತ್ತಿರುತ್ತದೆ, ಬಾಯಿಗೆ ಬೇರೆ ಉದ್ಯೋಗವಿಲ್ಲ. ಎಲ್ಲರೂ ಎಲ್ಲವನ್ನೂ ಹೇಳಿಕೊಂಡೆವು. ಒಂದು ಬೆಳಗ್ಗೆ, ನಾನು ಬಗ್ಗಿ ಶೂ ಲೇಸಿಗೆ ಎರಡು ಗಂಟು ಬಿಗಿಯುತ್ತಿದ್ದಾಗ, ಓಝಿ ಮುಖ ಆಚೆ ತಿರುಗಿಸಿ ಹೇಳಿದ.

ಅವರದು ಕ್ಯಾಲಿಫೋರ್ನಿಯಾದ ನಡುಬಯಲಿನಲ್ಲಿ ಹಸು ಸಾಕುವ ಪೋರ್ಚುಗೀಸ್ ಮನೆತನ. ಓಝಿಗೆ ಹನ್ನೊಂದು, ತಮ್ಮನಿಗೆ ಆರು. ಮನೆಯ ಹಿಂದೆ ನೀರಾವರಿ ಕಾಲುವೆ. ನೀರು ಬಿಡದ ದಿನ ಮಕ್ಕಳು ಅದರೊಳಗೆ ಇಳಿದು ಆಡುತ್ತಿದ್ದರು. ಕಸ ತಡೆಯಲು ಹಾಕಿದ ಕಬ್ಬಿಣದ ಸರಳುಗಳ ಮಧ್ಯೆ ಚಿಕ್ಕವನ ಕಾಲು ಶೂ ಸಮೇತ ಸಿಕ್ಕಿಕೊಂಡಿತು. ಮೇಲೆ ಎಲ್ಲೋ ಯಾರೋ ತೂಬು ಎತ್ತಿದರು.

"ಬೆಳಗ್ಗೆ ಅವನ ಲೇಸು ಕಟ್ತಿದ್ದೋನು ನಾನೇ. ಪದೇ ಪದೇ ಬಿಚ್ಕೊಳತ್ತೆ ಅಂತ ಎರಡು ಗಂಟು ಹಾಕ್ತಿದ್ದೆ," ಅಂದ. "ಒದ್ದೆ ಆದ್ರೆ ಆ ಗಂಟು ಕಲ್ಲಾಗತ್ತೆ ಕಣೇ ವಿನ್ನಿ. ಬಿಚ್ತಾನೇ ಇದ್ದೆ. ನೀರು ಮೊದ್ಲು ಅವನ ಸೊಂಟಕ್ಕೆ ಬಂತು. ಆಮೇಲೆ ನನ್ನ ಗಲ್ಲಕ್ಕೆ. ಅವನಿಗಿಂತ ನಾನು ಉದ್ದ."

ಅವನ ತೋಳು ಹಿಡಿದುಕೊಂಡು ನಡೆದೆ. ಸ್ವಲ್ಪ ದೂರ ಹೋದ ಮೇಲೆ, "ಇಷ್ಟನ್ನ ನನ್ನ ಹೆಂಡ್ತಿಗೂ ಹೇಳಿಲ್ಲ," ಅಂದ. ಮತ್ತೆಂದೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಲಿಲ್ಲ ಎಂದರೆ, ಬಾಯಲ್ಲಿ ಎತ್ತಲಿಲ್ಲ.

ಈಗ ಮಿಂಚುಳ್ಳಿಯ ವಿಷಯ. ನೀಲಿ ಅಂಗಿ ತೊಟ್ಟು ಆಕಾಶದಿಂದ ನೀರಿಗೆ ಧುಮುಕುವ ಆ ಮಹಾಶಯನನ್ನು ನೀವು ಸಿನಿಮಾದಲ್ಲಿ ನೋಡಿರುತ್ತೀರಿ, ಏಕೆಂದರೆ ಹದಿನೈದು ವರ್ಷದಲ್ಲಿ ಅವನು ಮೂರು ಸಲ ಹೊಸದಾಗಿ ಹುಟ್ಟಿದ್ದಾನೆ. ಪ್ರತಿ ಸಲವೂ ಹೊಸ ನಟ, ಹೊಸ ಅಂಗಿ, ಹಿಂದಿನದೆಲ್ಲ ನಡೆದೇ ಇಲ್ಲ ಎಂಬ ಹೊಸ ಘೋಷಣೆ. ಅವನ ಶತ್ರು ಮಾತ್ರ ಬದಲಾಗಿಲ್ಲ, ನೀರನ್ನು ಕೈಸನ್ನೆಯಲ್ಲಿ ಕುಣಿಸುವ ಮಹಾಪೂರ. ಪ್ರತಿ ಸಲವೂ ಅವನು ಪಟ್ಟಣ ಮುಳುಗಿಸಲು ಹೊರಡುತ್ತಾನೆ. ಯಾಕೆ? ಮೊದಲನೆಯದರಲ್ಲಿ ಹುಚ್ಚು ಅಂದರು. ಎರಡನೆಯದರಲ್ಲಿ ಜಮೀನಿನ ವ್ಯಾಪಾರ ಅಂದರು. ಮೂರನೆಯದರ ಹೊತ್ತಿಗೆ ಐದು ಜನ ಬರೆದು ಕೈಬಿಟ್ಟಿದ್ದರು. ಆರನೆಯವಳಾಗಿ ನನ್ನನ್ನು ಕರೆದರು.

ಸ್ಟುಡಿಯೋ ಕಡೆಯಿಂದ ಈ ಚಿತ್ರ ನೋಡಿಕೊಳ್ಳುತ್ತಿದ್ದವನು ಬ್ರೈಸ್, ಮೂವತ್ತೊಂದು ವರ್ಷದ ಹುಡುಗ. ಕೆಟ್ಟವನಲ್ಲ. ನಿದ್ದೆಗೆಟ್ಟವನು.

"ಮನುಷ್ಯನ ಮೈಯೆಲ್ಲ ನೀರು ತಾನೇ?" ಎಂದು ಕೇಳಿದೆ. "ನಿಮ್ಮ ಮಹಾಪೂರ ಮೊದಲನೇ ದೃಶ್ಯದಲ್ಲೇ ಮಿಂಚುಳ್ಳೀನ ಒಣದ್ರಾಕ್ಷಿ ಮಾಡ್ಬಹುದಲ್ಲಪ್ಪ. ಎರಡೂವರೆ ಗಂಟೆ ಯಾಕೆ ಕಾಯ್ತಾನೆ?"

"ಅಯ್ಯೋ, ಅದನ್ನ ಯಾರೂ ಗಮನಿಸಿರ್ಲಿಲ್ಲ. ದಯವಿಟ್ಟು ಜೋರಾಗಿ ಹೇಳ್ಬೇಡಿ," ಅಂದ ಬ್ರೈಸ್. "ತೂತು ಹೇಗೋ ಮುಚ್ಕೊಳತ್ತೆ ವಿನ್ನಿ. ನಂಗೆ ಬೇಕಾಗಿರೋದು ಅವನ ನೋವು. ಅವನು ಮುಳುಗಿಸೋದು ಸರಿ ಅಂತ ಜನಕ್ಕೆ ಒಂದು ಕ್ಷಣ ಅನ್ನಿಸ್ಬೇಕು. ಆದ್ರೆ ಹೊಸ ನೋವು ಬೇಕು. ಹೆಂಡ್ತಿ ಸತ್ತಳು ಅಂತ ಮಾತ್ರ ಬರೀಬೇಡಿ. ಹೋದ ವರ್ಷ ಒಂದರಲ್ಲೇ ನಾಲ್ಕು ಖಳರ ಹೆಂಡ್ತೀರು ಸತ್ತಿದಾರೆ."

"ಯಾವಾಗ ಬೇಕು?"

"ಸೋಮವಾರ."

ಶನಿವಾರವೆಲ್ಲ ಖಾಲಿ ಹಾಳೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕೂತೆ. ಮೂರು ಪುಟ, ನಲವತ್ತು ನಿಮಿಷ. ಒಣ ಕಾಲುವೆ, ಕಬ್ಬಿಣದ ಸರಳು, ಆರು ವರ್ಷದ ತಮ್ಮ, ಎರಡು ಗಂಟು. ಪಟ್ಟಣದ ಹುಲ್ಲುಹಾಸುಗಳಿಗೆ ನೀರು ಬೇಕೆಂದು ಯಾರೋ ತೂಬು ಎತ್ತುತ್ತಾರೆ. ಹಳ್ಳಿಯ ಆ ಹುಡುಗ ಬೆಳೆದು ಮಹಾಪೂರನಾಗುತ್ತಾನೆ. ಹಸುಗಳನ್ನು ಕುರಿ ಮಾಡಿದೆ. ಪೋರ್ಚುಗೀಸರನ್ನು ತೆಗೆದುಹಾಕಿದೆ. ಇಷ್ಟು ಬದಲಾಯಿಸಿದರೆ ಸಾಕು ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಓಝಿಗೆ ಫೋನು ಮಾಡಿ ಒಂದು ಮಾತು ಕೇಳಬೇಕೆಂದು ಅನ್ನಿಸಲಿಲ್ಲವೇ? ಅನ್ನಿಸಿತು. ಫೋನು ಕೈಗೂ ಬಂತು. ಅವನು ಬೇಡ ಎಂದುಬಿಟ್ಟರೆ ಸೋಮವಾರಕ್ಕೆ ಏನು ಕೊಡಲಿ ಎಂದು ಕೆಳಗಿಟ್ಟೆ. ಇದಕ್ಕಿಂತ ದೊಡ್ಡ ಕಾರಣ ನನಗಿರಲಿಲ್ಲ. ಖಳನಿಗೆ ನಾನು ಇಷ್ಟು ಸಣ್ಣ ಕಾರಣ ಬರೆದಿದ್ದರೆ ಬ್ರೈಸ್ ಹಾಳೆ ಮುಖಕ್ಕೆ ಎಸೆಯುತ್ತಿದ್ದ.

ಸೋಮವಾರ ಓದಿ ಮುಗಿಸಿದಾಗ ಬ್ರೈಸ್ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡ.

"ಎಲ್ಲಿತ್ತು ವಿನ್ನಿ ಇದು ಇಷ್ಟು ದಿನ?"

"ಒಳಗೇ ಇತ್ತು," ಅಂದೆ.

ಅಲ್ಲಿಂದ ಅದು ನನ್ನದಾಯಿತು. ನಿರ್ದೇಶಕನಿಗೆ ಹೇಳಿದೆ, ನಟನಿಗೆ ಹೇಳಿದೆ, ಅಂಗಿ ಹೊಲಿಯುವವಳಿಗೂ ಹೇಳಿದೆ. ಪ್ರತಿ ಸಲವೂ ಗಂಟಿನ ಮಾತನ್ನು ಕೊನೆಗೆ ಉಳಿಸಿಕೊಂಡು ಹೇಳುತ್ತಿದ್ದೆ. ಮೊದಲ ಬುಧವಾರಗಳಂದು ಓಝಿಯ ಎದುರು ಕೂತು ಕಿತ್ತಳೆ ತಿನ್ನುತ್ತಿದ್ದೆ. "ಏನ್ ಬರೀತಿದೀಯಾ?" ಎಂದರೆ, "ಅದೇ ಹಕ್ಕಿಯ ಹಾಳು ಕಥೆ," ಎನ್ನುತ್ತಿದ್ದೆ.

ಚಿತ್ರ ಮುಗಿಯುವ ಮುಂಚೆ ಮಾಲ್ ಒಂದರಲ್ಲಿ ಸಿಕ್ಕಿದವರನ್ನು ಕರೆದು ತೋರಿಸಿದರು. ಪ್ರದರ್ಶನ ಮುಗಿದ ಮೇಲೆ ಇಪ್ಪತ್ತು ಜನರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಅಭಿಪ್ರಾಯ ಕೇಳಿದರು. ಕಾಲುವೆಯ ದೃಶ್ಯ ಎಲ್ಲರಿಗೂ ಹಿಡಿಸಿತ್ತು. ಟೋಪಿ ಹಾಕಿದ ಒಬ್ಬ ಕೈ ಎತ್ತಿದ.

"ಅಲ್ಲಾ, ಗಂಟು ಬಿಚ್ಚಕ್ಕಾಗ್ಲಿಲ್ಲ ಸರಿ. ಲೇಸು ಕುಯ್ದಾಕಕ್ಕೇನಾಗಿತ್ತು? ಹಳ್ಳಿ ಹುಡುಗ ಅಂತೀರಾ, ಒಂದು ಚಾಕು ಇರಲ್ವಾ? ತೂತು ಸ್ವಾಮಿ ಇದು, ತೂತು."

ಕೆಲವರು ನಕ್ಕರು. ಹಿಂದೆ ಕತ್ತಲಲ್ಲಿ ಕೂತಿದ್ದ ನಾನು ಕೆರಳಿದೆ. ನನ್ನ ಕಥೆಯಲ್ಲಿ ತೂತೇ? ಮಾರನೆಯ ದಿನ ಒಂದೇ ಒಂದು ಮಾತು ಬರೆದುಕೊಟ್ಟೆ. ಮಿಂಚುಳ್ಳಿಯ ಕತ್ತು ಹಿಡಿದಾಗ ಮಹಾಪೂರ ಹೇಳುತ್ತಾನೆ: "ನನ್ನ ಹತ್ತಿರ ಚಾಕು ಇರಲಿಲ್ಲ." ನಟ ಅದನ್ನು ಪಿಸುಮಾತಿನಲ್ಲಿ ಹೇಳಿದ. ಮುಂದಿನ ಪ್ರದರ್ಶನದಲ್ಲಿ ಒಬ್ಬರೂ ನಗಲಿಲ್ಲ. ಐದು ಪದದಲ್ಲಿ ತೂತು ಮುಚ್ಚಿದೆ ಎಂದು ತಂಗಿಯ ಹತ್ತಿರ ಕೊಚ್ಚಿಕೊಂಡೆ. ಲೆಕ್ಕ ಹಾಕಿದರೆ ಅದು ನಾಲ್ಕೇ ಪದ. ಅಷ್ಟು ಸೊಕ್ಕು.

ಆಮೇಲೆ ಪರದೆಯ ಮೇಲೆ ಯಾರ ಹೆಸರು ಎಂಬ ಪ್ರಶ್ನೆ ಬಂತು. ಸ್ಟುಡಿಯೋ ಮೊದಲಿನ ಇಬ್ಬರು ಬರಹಗಾರರ ಹೆಸರು ಸೂಚಿಸಿತು. ನಾನು ಬರಹಗಾರರ ಸಂಘಕ್ಕೆ ತಕರಾರು ಹಾಕಿದೆ. ನಮ್ಮಲ್ಲಿ ಇದಕ್ಕೊಂದು ಪದ್ಧತಿ ಇದೆ. ಸಂಘದ ಮೂವರು ಬರಹಗಾರರು ಎಲ್ಲ ಕರಡುಗಳನ್ನೂ ಓದಿ ತೀರ್ಪು ಕೊಡುತ್ತಾರೆ. ಕರಡಿನ ಮೇಲೆ ಹೆಸರಿರುವುದಿಲ್ಲ, ಒಂದನೆಯವರು, ಎರಡನೆಯವರು ಎಂಬ ಸಂಖ್ಯೆ ಮಾತ್ರ. ಬರೆದವರು ಯಾರೆಂದು ಓದುವವರಿಗೆ ಗೊತ್ತಾಗಬಾರದು, ಓದಿದವರು ಯಾರೆಂದು ಬರೆದವರಿಗೆ ಗೊತ್ತಾಗಬಾರದು. ಆದರೆ ಮೊದಲೇ ಒಂದು ಉದ್ದನೆಯ ಪಟ್ಟಿ ಕಳಿಸುತ್ತಾರೆ. ನಮಗಾಗದವರ ಹೆಸರನ್ನು ಅದರಲ್ಲಿ ಹೊಡೆದುಹಾಕಬಹುದು.

ಹದಿನಾಲ್ಕು ಹೆಸರು ಹೊಡೆದೆ. ಪಟ್ಟಿಯಲ್ಲಿ ಓಝಿಯ ಹೆಸರೂ ಇತ್ತು. ಪೆನ್ನು ಅದರ ಮೇಲೆ ನಿಂತಿತು, ಹೊಡೆಯದೆ ದಾಟಿತು. ಇರಲಿ, ಸಂಖ್ಯೆ ಹಾಕಿದರೇನು, ನನ್ನ ಬರವಣಿಗೆಯನ್ನು ಕಣ್ಣು ಕಟ್ಟಿದರೂ ಗುರುತಿಸುತ್ತಾನೆ, ಗುರುತಿಸಿದರೆ ನನ್ನ ಕಡೆಗೇ ವಾಲುತ್ತಾನೆ ಎಂದುಕೊಂಡೆ. ಗುರುತು ಹತ್ತಿದವರು ಕಾರಣ ಬರೆದುಕೊಟ್ಟು ತೀರ್ಪಿನ ಕೆಲಸ ಬಿಟ್ಟುಕೊಡಬೇಕು ಎಂಬುದು ನಿಯಮ. ಬಹಳ ಜನ ಬಿಟ್ಟುಕೊಡುವುದಿಲ್ಲ ಎಂಬುದೂ ನಮಗೆಲ್ಲ ಗೊತ್ತು.

ಕರಡಿನ ಜೊತೆ ನಮ್ಮ ವಾದವನ್ನೂ ಬರೆದು ಕಳಿಸಬೇಕು. ನಾನು ಬರೆದೆ: "ಚಿತ್ರದ ಜೀವಾಳವಾದ ಕಾಲುವೆಯ ಪ್ರಸಂಗ ಸಂಪೂರ್ಣವಾಗಿ ನನ್ನ ಕಲ್ಪನೆ. ಬೇರೆ ಯಾವ ಮೂಲದಿಂದಲೂ ಪಡೆದದ್ದಲ್ಲ."

ನಂಬಿ, ಬಿಡಿ. ಪಟ್ಟಿಯಲ್ಲಿ ಓಝಿಯ ಹೆಸರು ಉಳಿಸಿದ ಕೈ, ಈ ವಾಕ್ಯ ಬರೆದ ಕೈ ಎರಡೂ ಒಂದೇ, ಒಂದೇ ಬೆಳಗಿನಲ್ಲಿ. ಆದರೂ ಅವೆರಡೂ ನನ್ನ ತಲೆಯಲ್ಲಿ ಒಂದನ್ನೊಂದು ನೋಡಲಿಲ್ಲ. ಕದ್ದದ್ದಕ್ಕಿಂತ, ಕದ್ದದ್ದನ್ನು ಅಷ್ಟು ಚೆನ್ನಾಗಿ ಮರೆತದ್ದಕ್ಕೆ ನನಗೆ ಹೆಚ್ಚು ನಾಚಿಕೆ.

ಮೂರು ವಾರಕ್ಕೆ ತೀರ್ಪು ಬಂತು. ಇಬ್ಬರು ನನ್ನ ಪರ, ಒಬ್ಬರು ವಿರುದ್ಧ. ಹೆಸರು ಸಿಕ್ಕಿತು! ಅಡಿಗೆಮನೆಯಲ್ಲಿ ನಿಂತು ಕಿರುಚಿದೆ. ಪಕ್ಕದ ಮನೆಯ ನಾಯಿ ಬೊಗಳಿತು. ತಂಗಿಗೆ ಫೋನು ಮಾಡಿ, "ಮಕ್ಕಳಿಗೆ ಹೇಳೇ, ದೊಡ್ಡಮ್ಮ ಟೈಪಿಸ್ಟ್ ಅಲ್ಲ ಅಂತ," ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ತೀರ್ಪುಗಾರರು ಬರೆದ ಕಾರಣಗಳ ಪ್ರತಿಯನ್ನು ಕೇಳಿದರೆ, ಹೆಸರು ಮರೆಮಾಡಿ ಕೊಡುತ್ತಾರೆ. ಗೆದ್ದವರು ಯಾರೂ ಕೇಳುವುದಿಲ್ಲ. ಹೊಗಳಿಕೆ ಓದುವ ಚಪಲಕ್ಕೆ ನಾನು ಕೇಳಿದೆ.

ಮೊದಲನೆಯದು ಸೊಗಸಾಗಿತ್ತು, ಎರಡು ಸಲ ಓದಿದೆ. ಎರಡನೆಯವರು ನನ್ನನ್ನು ಒಪ್ಪಿರಲಿಲ್ಲ, ಅವರಿಗೆ ಬುದ್ಧಿಯಿಲ್ಲ ಅಂದುಕೊಂಡೆ. ಮೂರನೆಯದು ಹೀಗಿತ್ತು:

"ಮೊದಲ ಐದು ಕರಡುಗಳಲ್ಲಿ ಖಳನಿಗೆ ಕಾರಣವಿಲ್ಲ. ಆರನೆಯ ಬರಹಗಾರರ ಕಾಲುವೆಯ ಪ್ರಸಂಗದ ಮೇಲೆ ಈಗ ಇಡೀ ಚಿತ್ರ ನಿಂತಿದೆ. ಅದು ಬೇರೆ ಯಾವ ಕರಡಿನಲ್ಲೂ ಇಲ್ಲ. ನಿಯಮದ ಪ್ರಕಾರ ಅವರಿಗೆ ಹೆಸರು ಸಲ್ಲಬೇಕು. ಎರಡು ಸಲ ಓದಿ, ನ್ಯಾಯವಾಗಿಯೇ ಹೇಳುತ್ತಿದ್ದೇನೆ. ಒಂದು ತೂತು ಉಳಿದಿದೆ. ಅಣ್ಣನ ಹತ್ತಿರ ಚಾಕು ಇರಲಿಲ್ಲ ಎಂದು ಕೊನೆಯ ಕರಡು ಹೇಳುತ್ತದೆ. ದನಕರುಗಳ ಮಧ್ಯೆ ಬೆಳೆದ ಹನ್ನೊಂದು ವರ್ಷದ ಹುಡುಗನ ಜೇಬಿನಲ್ಲಿ ಚಾಕು ಇದ್ದೇ ಇರುತ್ತದೆ. ಇತ್ತು. ಅವನಿಗೆ ನೆನಪಾಗಲಿಲ್ಲ. ಗಂಟು ಬಿಚ್ಚುತ್ತಲೇ ಇದ್ದ. ಈ ಕೊನೆಯ ಮಾತಿಗೂ ತೀರ್ಪಿಗೂ ಸಂಬಂಧವಿಲ್ಲ."

ನನ್ನ ಕರಡಿನಲ್ಲಿ ದನಕರು ಇರಲಿಲ್ಲ. ಕುರಿ ಇದ್ದವು.

ಅಡಿಗೆಮನೆಯ ನೆಲದ ಮೇಲೆ ಕೂತೆ. ಹತ್ತು ತುಂಬಿದಾಗ ಅಪ್ಪ ಕೊಟ್ಟದ್ದು. ತಮ್ಮ ಹೋದಾಗ ಹನ್ನೊಂದು. ತಿಂಗಳಿಗೊಮ್ಮೆ, ಇಪ್ಪತ್ತು ವರ್ಷ, ಆ ಚಾಕು ನನ್ನ ಕಣ್ಣೆದುರು ಮೇಜಿನ ಮೇಲಿತ್ತು. ಟೋಪಿ ಹಾಕಿದವನೊಬ್ಬ ಎರಡೂವರೆ ಗಂಟೆಯಲ್ಲಿ ಕಂಡುಹಿಡಿದದ್ದು ನನಗೆ ಕಾಣಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವವಳು ನಾನು. ಓಝಿ ಆ ಕೆಲಸ ಬಿಟ್ಟುಕೊಡಬಹುದಿತ್ತು. ಬಿಟ್ಟುಕೊಡಲು ಕಾರಣ ಬರೆಯಬೇಕಿತ್ತು. ಹೆಂಡತಿ ಡೀನಾಗೂ ಹೇಳದ ಕಾರಣವನ್ನು ಸಂಘದ ಗುಮಾಸ್ತರಿಗೆ ಹೇಗೆ ಬರೆದಾನು? ಕೂತು ಓದಿದ. ತನ್ನ ತಮ್ಮ ಸಂಪೂರ್ಣವಾಗಿ ನನ್ನ ಕಲ್ಪನೆ ಎಂಬುದನ್ನೂ ಓದಿದ. ಓದಿ ನನಗೆ ಹೆಸರು ಕೊಟ್ಟ.

ಬೇಡವೆನಿಸಿದರೆ ಹೆಸರು ವಾಪಸು ಪಡೆಯಲು ಇನ್ನೂ ಎರಡು ದಿನ ಅವಕಾಶವಿತ್ತು. ಶುಕ್ರವಾರ ಸಂಜೆ ಐದರವರೆಗೆ. ಅರ್ಜಿ ತುಂಬಿದೆ ಕೂಡ. ಐದು ಗಂಟೆ ಹೊಡೆಯಿತು, ಐದೂವರೆಯಾಯಿತು, ಅರ್ಜಿ ಮೇಜಿನ ಮೇಲೇ ಇತ್ತು. ಹನ್ನೊಂದು ವರ್ಷ ಎಂದು ನನಗೆ ನಾನೇ ಹೇಳಿಕೊಂಡೆ. ಚಿತ್ರದ "ಚಾಕು ಇರಲಿಲ್ಲ" ಎಂಬ ಮಾತನ್ನಾದರೂ ತೆಗೆಸೋಣವೆಂದು ಬ್ರೈಸ್‌ಗೆ ಫೋನು ಮಾಡಿದೆ. "ಹುಚ್ಚಾ ವಿನ್ನಿ? ಜನ ಆ ಮಾತನ್ನೇ ಅಂಗಿ ಮೇಲೆ ಅಚ್ಚು ಹಾಕಿಸ್ತಾರೆ ನೋಡಿ," ಅಂದ. ಹಾಗೇ ಆಯಿತು.

ಚಿತ್ರ ಬಿಡುಗಡೆಯಾದ ಮೇಲಿನ ಮೊದಲ ಬುಧವಾರ ಹೋಟೆಲಿಗೆ ಹೋದೆ. ಅವನು ಬರಲಾರ ಎಂದು ಅರ್ಧ ನಂಬಿಕೆ, ಬರದಿರಲಿ ಎಂದು ಅರ್ಧ ಹರಕೆ. ಓಝಿ ಆಗಲೇ ಬಂದು ಕಿಟಕಿ ಪಕ್ಕ ಕೂತಿದ್ದ.

"ಬಾರೇ, ದೊಡ್ಡ ಮನುಷ್ಯೆ," ಅಂದ. "ನೋಡಿದ್ವಿ ನಿನ್ನ ಹಕ್ಕಿ ಸಿನಿಮಾ. ಶನಿವಾರ ಹೋಗಿದ್ವಿ, ನಾನೂ ಡೀನಾನೂ. ಕೊನೇಲಿ ನಿನ್ನ ಹೆಸರು ಬಂತಲ್ಲ, ಚಪ್ಪಾಳೆ ಹೊಡ್ದೆ. ಮುಂದಿನ ಸಾಲಿನೋರು ತಿರುಗಿ ನೋಡಿದ್ರು. ಡೀನಾ ಮೊಣಕೈಲಿ ತಿವಿದ್ಳು."

ಅವನ ಮುಖ ನೋಡಿದೆ. ಚುಚ್ಚಲು ಅಂದನೋ ಪ್ರೀತಿಗೆ ಅಂದನೋ ತಿಳಿಯಲಿಲ್ಲ. ಚುಚ್ಚಲು ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಓಝಿ, ಆ ಕಾಲುವೆ..."

"ಡೀನಾ ತುಂಬಾ ಅತ್ಲು," ಎಂದು ಅವನು ನನ್ನ ಮಾತನ್ನು ಅಲ್ಲಿಗೇ ನಿಲ್ಲಿಸಿದ. "ಕಾರಲ್ಲಿ ಬರ್ತಾನೂ ಅಳ್ತಿದ್ಳು. 'ಪಾಪ, ಒಂದು ಚಾಕು ಇದ್ದಿದ್ರೆ ಆ ಮಗು ಉಳೀತಿತ್ತು' ಅಂತ. ನಾನು ಹ್ಞೂಂ ಅಂದೆ."

ಲೂಪೆ ಬಂದು ಕಾಫಿ ಸುರಿದಳು. "ಏನ್ ಚಿನ್ನಾ, ನಿನ್ನ ಹೆಸರು ಪರದೆ ಮೇಲೆ ಬಂದಿದೆಯಂತೆ! ಹಂಗಾದ್ರೆ ಇವತ್ತು ಮುಖ ಯಾಕೆ ಬಾಡಿದೆ?" ಅಂದಳು. ನಾನು ನಕ್ಕಂತೆ ಮಾಡಿದೆ.

ಅವಳು ಹೋದ ಮೇಲೆ ಓಝಿ ಸಕ್ಕರೆ ಕಲಕುತ್ತ ಕೇಳಿದ: "ಕೊನೇಲಿ ಪಾತ್ರಗಳ ಹೆಸರು ಬರತ್ತಲ್ಲ, ಅಕ್ಷರ ಬಹಳ ಸಣ್ಣದು, ನಂಗೆ ಓದಕ್ಕಾಗ್ಲಿಲ್ಲ. ಆ ಹುಡುಗನಿಗೆ ಏನಂತ ಹೆಸರಿಟ್ಟೆ?"

"ಇಡಲಿಲ್ಲ," ಅಂದೆ. "ಬರೀ 'ತಮ್ಮ' ಅಂತಿದೆ."

ಅವನು ಚಮಚ ತಟ್ಟೆಯ ಮೇಲಿಟ್ಟ. "ಅದು ಸರಿಯಾಗಿದೆ," ಅಂದ.

ನನ್ನನ್ನು ಕ್ಷಮಿಸು ಎಂದು ಹೇಳಬೇಕಿತ್ತು. ಹೇಳಿದರೆ ಅವನು ಏನನ್ನು, ಯಾಕೆ ಎಂದು ಕೇಳಬೇಕಾಗುತ್ತಿತ್ತು. ತೀರ್ಪುಗಾರ ತಾನೆಂದು ಅವನು ಒಪ್ಪಿಕೊಳ್ಳುವಂತಿಲ್ಲ, ನಾನು ಕೇಳುವಂತಿಲ್ಲ. ಸಂಘದ ನಿಯಮದ ಹಿಂದೆ ನಾನು ಅವಿತು ಕೂತೆ, ಮನೆಗೆ ಸಾಲದವರು ಬಂದಾಗ ಬಾಗಿಲ ಹಿಂದೆ ನಿಲ್ಲುವ ಹಾಗೆ.

ಓಝಿ ಕೋಟಿನ ಜೇಬಿನಿಂದ ಕಿತ್ತಳೆ ತೆಗೆದ. ಆಮೇಲೆ ಚಾಕು ತೆಗೆದ. ಈ ಸಲ ಕೂಡಲೇ ಬಿಡಿಸಲಿಲ್ಲ, ಎರಡನ್ನೂ ನಮ್ಮಿಬ್ಬರ ಮಧ್ಯೆ ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದ. ರೇಗಿಸುತ್ತೇನೆಂದು ಕಾದನೋ ಏನೋ. ನಾನು ರೇಗಿಸಲಿಲ್ಲ. ಆಗ ಅವನಿಗೆ ಗೊತ್ತಾಯಿತು, ಅವನು ಬರೆದ ತೀರ್ಪನ್ನು ನಾನು ಓದಿದ್ದೇನೆ ಎಂದು.

ಚಾಕು ಬಿಚ್ಚಿ, ಸಿಪ್ಪೆ ಎಲ್ಲೂ ತುಂಡಾಗದಂತೆ ಸುತ್ತ ಬಿಡಿಸಿದ. ಎಂದಿನಂತೆ ಅರ್ಧ ನನ್ನ ತಟ್ಟೆಗೆ ಹಾಕಿದ.

"ತಿನ್ನು," ಅಂದ.

ತಿಂದೆ. ಸಿಹಿಯಾಗಿತ್ತು.